ಕೂಪನ್ ಕತ್ತರಿಸಿದ್ದ ವ್ಯಾಂಪಿರೆಲ್ಲಾ

ನ್ಯೂಜೆರ್ಸಿಗೆ ಬಂದ ಮೇಲೆ ಹತ್ತಿಕೊಂಡ ಹುಚ್ಚು ಇದು. ವಾರೆನ್ ಪಬ್ಲಿಷಿಂಗ್‌ನ ಹಳೇ ಹಾರರ್ ಮ್ಯಾಗಜೀನ್‌ಗಳನ್ನು ಕೂಡಿಡುತ್ತೇನೆ. 1964ರಲ್ಲಿ ಶುರುವಾದ ಕ್ರೀಪಿ, ಅದರ ಹಿಂದೆಯೇ ಬಂದ ಈರೀ, 1969ರ ವ್ಯಾಂಪಿರೆಲ್ಲಾ. 1954ರಿಂದ ಅಮೆರಿಕದಲ್ಲಿ ಕಾಮಿಕ್ಸ್ ಕೋಡ್ ಅಂತ ಒಂದು ನಿಯಮಾವಳಿ ಇತ್ತು, ರಕ್ತಪಿಶಾಚಿ, ನಡೆದಾಡುವ ಹೆಣ ಯಾವುದನ್ನೂ ಬಿಡುತ್ತಿರಲಿಲ್ಲ. ವಾರೆನ್ ಏನು ಮಾಡಿದರು ಗೊತ್ತಾ? ಸೈಜ್ ದೊಡ್ಡದು ಮಾಡಿ, ಒಳಗೆ ಕಪ್ಪು-ಬಿಳುಪು ಇಟ್ಟು, ಇದು ಕಾಮಿಕ್ಸ್ ಅಲ್ಲ, ಮ್ಯಾಗಜೀನ್ ಅಂದುಬಿಟ್ಟರು. ಕೋಡ್ ಅಲ್ಲಿಗೆ ಬರಲೇ ಇಲ್ಲ.

ಮೊದಲು ನಾನು ಮುಖಪುಟ ನೋಡಿ ಮರುಳಾಗುತ್ತಿದ್ದೆ. ಫ್ರಾಂಕ್ ಫ್ರಜೆಟ್ಟಾ ಬಿಡಿಸಿದ ಚಿತ್ರ ಕಣ್ಣಿಗೆ ಬಿದ್ದರೆ ಬೇರೇನೂ ಕಾಣುತ್ತಿರಲಿಲ್ಲ. ಒಬ್ಬ ವ್ಯಾಪಾರಿಯ ಮೇಜಿನ ಮೇಲೆ ಒಂದು ಹಳೇ ವ್ಯಾಂಪಿರೆಲ್ಲಾ ಫಳಫಳ ಅಂತಿತ್ತು. ಒಳಗೆ ತೆರೆದೂ ನೋಡದೆ ಕೊಂಡು, ಸಿಜಿಸಿಗೆ, ಅಂದರೆ ಹಳೇ ಕಾಮಿಕ್ಸ್ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುವ ಕಂಪನಿಗೆ, ಗ್ರೇಡಿಂಗ್‌ಗೆ ಕಳಿಸಿದೆ. 9ರ ಮೇಲೆ ಗ್ಯಾರಂಟಿ ಅಂದುಕೊಂಡಿದ್ದೆ. ವಾಪಸ್ ಬಂದಾಗ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮಾಮೂಲಿ ನೀಲಿ ಲೇಬಲ್ ಬದಲು ಹಸಿರು! ಹಸಿರು ಅಂದರೆ ಏನೋ ಒಂದು ದೊಡ್ಡ ಕೊರತೆ ಇದೆ ಅಂತ. ಹಿಂದಿನ ಪುಟಗಳಲ್ಲಿ ಕ್ಯಾಪ್ಟನ್ ಕಂಪನಿ ಜಾಹೀರಾತುಗಳು ಇರುತ್ತವೆ. ರಬ್ಬರ್ ಮುಖವಾಡ, 8 ಎಂಎಂ ಭೂತದ ಫಿಲ್ಮು, ಎಲ್ಲಾ ಅಂಚೆಯಲ್ಲಿ ತರಿಸುವುದು. ಅಲ್ಲಿದ್ದ ಆರ್ಡರ್ ಕೂಪನ್ನನ್ನು ಯಾರೋ ನೀಟಾಗಿ ಕತ್ತರಿಸಿದ್ದರು. ಪಾಪ, ಆ ಕಾಲದ ಯಾವುದೋ ಹುಡುಗನಿಗೆ ಮುಖವಾಡ ಬೇಕಿತ್ತೇನೋ. ಬೈಯಬೇಕಾಗಿದ್ದು ನನ್ನನ್ನೇ ಅಲ್ವಾ, ಪುಟ ತಿರುವಲಿಲ್ಲ.

ಈಗ ಡಬ್ಬಿಯಲ್ಲಿಲ್ಲದ ಪ್ರತಿ ಸಿಕ್ಕರೆ ಮೊದಲು ಜಾಹೀರಾತಿನ ಪುಟ ನೋಡುತ್ತೇನೆ, ಆಮೇಲೆ ನಡುವಿನ ಪಿನ್ನು, ಆಮೇಲೇ ಮುಖಪುಟ. ಪುಸ್ತಕದ ಬೆನ್ನಿನ ಹತ್ತಿರ ಟಾರ್ಚನ್ನು ಓರೆಯಾಗಿ ಹಿಡಿದರೆ, ಮಡಿಕೆ ಬಿದ್ದಲ್ಲಿ ಬಣ್ಣ ಒಡೆದು ಉಗುರಿನಷ್ಟು ಸಣ್ಣ ಬಿಳಿ ಗೀರುಗಳು ಎದ್ದು ಕಾಣುತ್ತವೆ. ಕಪ್ಪು ಮುಖಪುಟವಂತೂ ಏನನ್ನೂ ಮುಚ್ಚಿಡುವುದಿಲ್ಲ. ಬಣ್ಣ ತುಂಬಿ ರಿಪೇರಿ ಮಾಡಿದ್ದಕ್ಕೆ ನೇರಳೆ ಲೇಬಲ್ ಬೀಳುತ್ತದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ಒಂದೇ ಗ್ರೇಡಿನ ಎರಡು ಡಬ್ಬಿ ಇದ್ದರೆ ಒಳಹಾಳೆ ಬಿಳಿ ಅಂತ ಬರೆದಿರುವುದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ ಅನ್ನುತ್ತೇನೆ. ನೆಲಮಾಳಿಗೆಯಲ್ಲಿ ಮಾತ್ರ ಇಡಬೇಡಿ, ಇಲ್ಲಿನ ಬೇಸಿಗೆಯ ತೇವಕ್ಕೆ ಕಾಗದ ಅಲೆಅಲೆಯಾಗುತ್ತದೆ.

ಡಬ್ಬಿಯೊಳಗಿರುವುದನ್ನು ಓದುವ ಹಾಗಿಲ್ಲ, ಅದೊಂದೇ ಸಂಕಟ. ಹಾಗಾಗಿ ಆ ಹಸಿರು ಲೇಬಲ್‌ನ ಡಬ್ಬಿಯನ್ನು ಒಡೆದು ವ್ಯಾಂಪಿರೆಲ್ಲಾವನ್ನು ಹೊರಗೆ ತೆಗೆದೆ. ಈಗ ಮಲಗುವ ಮುಂಚೆ ಓದುವುದು ಅದನ್ನೇ. ಪುಣ್ಯಕ್ಕೆ ಕೂಪನ್ನಿನ ಹಿಂಬದಿಯಲ್ಲೂ ಜಾಹೀರಾತೇ ಇತ್ತು, ಕಥೆ ಒಂದೂ ಕೆಟ್ಟಿಲ್ಲ.