ಪಾಯಿಂಟ್ ಗಾರ್ಡ್ ಆಗಿದ್ದ ನಾನು ಕೋಚ್ ಆದದ್ದು

ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆಪಾಡು ನೋಡಿಕೊಳ್ಳಬೇಕು ಅಂದರೆ ನಮ್ಮ ಕಾಲದಲ್ಲಿ ಸ್ಪೋರ್ಟ್ಸ್ ಕೋಟಾದ ಕೆಲಸವೇ ದಾರಿ. ರೈಲ್ವೆ, ಪೊಲೀಸ್ ಅಥವಾ ಬ್ಯಾಂಕ್. ನನಗೆ ಬ್ಯಾಂಕಿನಲ್ಲಿ ಸಿಕ್ಕಿತು. ತಂಡದಲ್ಲಿ ನಾನು ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತಂದು ಆಟ ನಡೆಸುವವನು. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಕೌಂಟರ್, ಸಂಜೆ ಕಂಠೀರವ ಒಳಾಂಗಣ ಕ್ರೀಡಾಂಗಣ. ಮಂಡಿ ಕೈಕೊಟ್ಟ ಮೇಲೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದೆ.

ಅಲ್ಲಿ ಮೂಳೆ, ಸ್ನಾಯು, ಆಯಾಸ ಎಲ್ಲವನ್ನೂ ಓದಿಸಿದರು. ಆದರೆ ನೋಡುವ ಕಣ್ಣನ್ನು ನಾನೇ ಬದಲಾಯಿಸಿಕೊಳ್ಳಬೇಕಿತ್ತು. ಈಗ ಪ್ರಾಕ್ಟೀಸಿನಲ್ಲಿ ಚೆಂಡಿನ ಹಿಂದೆ ಹೋಗುವುದಿಲ್ಲ. ವೀಕ್ ಸೈಡಿನ, ಅಂದರೆ ಚೆಂಡು ಇಲ್ಲದ ಬದಿಯ ಡಿಫೆಂಡರ್ ಕಾಲು ಎಲ್ಲಿದೆ, ತಲೆ ತಿರುಗಿಸಿ ನೋಡ್ತಿದ್ದಾನಾ, ಅದನ್ನೇ ಗಮನಿಸುತ್ತೇನೆ. ಬ್ಯಾಸ್ಕೆಟ್ ಬಿಟ್ಟುಕೊಡುವುದು ಜಾಸ್ತಿ ಅಲ್ಲಿಂದಲೇ.

ನನಗೆ ತುಂಬಾ ಮುಖ್ಯ ಅನಿಸುವುದು ಚಿಕ್ಕ ಮಕ್ಕಳ ತರಬೇತಿ. ಹತ್ತು ವರ್ಷದ ಮಗುವಿನ ಕೈಗೆ ದೊಡ್ಡವರು ಆಡುವ ಏಳನೇ ಸೈಜಿನ ಚೆಂಡು ಕೊಡುತ್ತಾರೆ. ಅದು 600 ಗ್ರಾಂ ಆಸುಪಾಸು ತೂಗುತ್ತದೆ. ರಿಂಗ್ 3.05 ಮೀಟರ್ ಎತ್ತರದಲ್ಲಿ. ಮಗು ಏನು ಮಾಡಬೇಕು? ಸೊಂಟದ ಹತ್ತಿರದಿಂದ ಎರಡೂ ಕೈಯಲ್ಲಿ ಎಸೆಯುತ್ತದೆ. ಬೇರೆ ದಾರಿ ಇಲ್ಲ ಅಲ್ವಾ? ಹದಿನೈದಕ್ಕೆ ಬಂದಾಗ ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಅದಕ್ಕೇ ನಾನು ಐದನೇ ಸೈಜಿನ ಚೆಂಡು, 2.60 ಮೀಟರ್ ರಿಂಗ್ ಕೇಳುತ್ತೇನೆ. ಮಿನಿ ಬಾಸ್ಕೆಟ್‌ಬಾಲ್‌ಗೆ ಇರುವ ಅಳತೆಯೇ ಅದು. ರಿಂಗ್ ಇಳಿಸಲು ಆಗದ ಶಾಲೆಯಲ್ಲಿ ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿ ಶೂಟಿಂಗ್ ಕಲಿಸುತ್ತೇನೆ. ಮೊಣಕೈ ಚೆಂಡಿನ ಕೆಳಗೆ ಬಂದರೆ ಸಾಕು, ಬುಟ್ಟಿಗೆ ಬೀಳುವುದು ಆಮೇಲೆ.

2010ರಲ್ಲಿ ಮೂರು ಪಾಯಿಂಟ್ ಗೆರೆ (ಇದರಾಚೆಯಿಂದ ಹಾಕಿದರೆ ಮೂರು ಅಂಕ) ರಿಂಗಿನಿಂದ 6.25ರಿಂದ 6.75 ಮೀಟರ್‌ಗೆ ಹೋಯಿತು. ನಾನು ಹಳೆಯ ಗೆರೆಯಲ್ಲಿ ಬೆಳೆದವನು. ಆ ಅರ್ಧ ಮೀಟರ್ ಕೈಯ ಬಲದಿಂದ ಬರುವುದಿಲ್ಲ, ಕಾಲಿನಿಂದ ಬರಬೇಕು. ಹಾಗಾಗಿ ನಮ್ಮ ಶೂಟರ್‌ಗಳಿಗೆ ಸ್ಕ್ವಾಟ್ ತಪ್ಪಿದ್ದಲ್ಲ.

ಪಂದ್ಯದಲ್ಲಿ ಮೊದಲರ್ಧಕ್ಕೆ 2, ಎರಡನೇ ಅರ್ಧಕ್ಕೆ 3 ಟೈಮ್‌ಔಟ್. ಒಂದೊಂದೂ ಒಂದೇ ನಿಮಿಷ. ಹುಡುಗರು ಬೆಂಚಿಗೆ ಬಂದು ನೀರು ಕುಡಿಯುವಷ್ಟರಲ್ಲಿ ಅರ್ಧ ನಿಮಿಷ ಮುಗಿದಿರುತ್ತದೆ. ಉಳಿದದ್ದರಲ್ಲಿ ಒಂದೇ ಮಾತು ಹೇಳುತ್ತೇನೆ: ಮುಂದಿನ ಸಲ ಚೆಂಡು ನಮ್ಮ ಕೈಗೆ ಬಂದಾಗ ಯಾರು ಯಾರಿಗೆ ಸ್ಕ್ರೀನ್ ಹಾಕಬೇಕು, ಅಂದರೆ ಯಾರಿಗಾಗಿ ಎದುರಾಳಿಯ ದಾರಿಗೆ ಅಡ್ಡ ನಿಲ್ಲಬೇಕು. ಪಾಯಿಂಟ್ ಗಾರ್ಡ್ ಬಾಯಿಂದ ಅದನ್ನೇ ತಿರುಗಿ ಹೇಳಿಸುತ್ತೇನೆ. ಕೋರ್ಟಿಗೆ ಇಳಿದ ಮೇಲೆ ಉಳಿದ ನಾಲ್ವರಿಗೆ ನೆನಪಿಸಬೇಕಾದವನು ಅವನೇ ತಾನೆ.