ಆಟೋದ ಡ್ಯಾಶ್‌ಬೋರ್ಡ್ ಬಿಚ್ಚಿ ವೈಪರ್ ಸ್ವಿಚ್ ಸರಿಪಡಿಸಿದ್ದು: ನನ್ನ ಅನುಭವ

ಮಳೆಗಾಲ ಶುರುವಾದಾಗಿನಿಂದ ನನ್ನ ಆಟೋದ ವೈಪರ್ ಸ್ವಿಚ್ ಒಮ್ಮೆ ಒತ್ತಿದರೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಸುಮ್ಮನಿರುತ್ತಿತ್ತು. ಫ್ಯೂಸ್ ಸರಿಯಾಗಿಯೇ ಇದ್ದುದರಿಂದ ಡ್ಯಾಶ್‌ಬೋರ್ಡ್ ಬಿಚ್ಚದೆ ಬೇರೆ ದಾರಿಯಿರಲಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆ. 12 ವೋಲ್ಟ್ ತಾನೇ ಎಂದು ಇದನ್ನು ಕಡೆಗಣಿಸಬಾರದು. ಸ್ಕ್ರೂಡ್ರೈವರ್ ಜಾರಿ ಕರೆಂಟ್ ಇರುವ ವೈರಿಗೂ ಬಾಡಿಗೂ ಒಟ್ಟಿಗೆ ತಗುಲಿದರೆ ವೈರಿಂಗ್ ಸುಟ್ಟುಹೋಗಬಹುದು. ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಪ್ಯಾನೆಲ್ ಅಲುಗಲಿಲ್ಲ. ಟಾರ್ಚ್ ಬಿಟ್ಟು ಅಂಚನ್ನು ನೋಡಿದಾಗ ಧೂಳಿನಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಸ್ಕ್ರೂ ಮೂಲೆಯಲ್ಲಿ ಕಂಡಿತು. ಅದನ್ನು ಗಮನಿಸದೆ ಎಳೆದಿದ್ದರೆ, ವರ್ಷಗಳ ಬಿಸಿಲಿಗೆ ಪೆಡಸಾಗಿದ್ದ ಪ್ಲಾಸ್ಟಿಕ್ ಖಂಡಿತ ಸೀಳುತ್ತಿತ್ತು.

ಸ್ವಿಚ್ಚನ್ನು ಮುಂದಿನಿಂದ ಮೀಟಬಾರದು. ಹಿಂಬದಿಯಲ್ಲಿ ಅದರ ಎರಡೂ ಪಕ್ಕದ ಲಾಕ್‌ಗಳನ್ನು ಬೆರಳಿನಿಂದ ಅದುಮಿ ಮುಂದಕ್ಕೆ ತಳ್ಳಿದಾಗ ಅದು ಸಲೀಸಾಗಿ ಹೊರಬಂತು. ಯಾವ ಬಣ್ಣದ ವೈರ್ ಎಲ್ಲಿದೆಯೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ವೈರ್ ಹಿಡಿದು ಜಗ್ಗದೆ, ವೈರ್‌ಗಳನ್ನು ಸ್ವಿಚ್ಚಿಗೆ ಜೋಡಿಸುವ ಕಪ್ಲರನ್ನೇ ಹಿಡಿದು ಬಿಡಿಸಿದೆ.

ದೋಷ ಅಲ್ಲೇ ಇತ್ತು. ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು; ಒಂದು ಪಿನ್ನಿನ ಬುಡದಲ್ಲಿ ನೀರಿನ ಹನಿ ಇನ್ನೂ ನಿಂತಿತ್ತು. ನಯವಾದ ಎಮರಿ ಪೇಪರಿನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಮಲ್ಟಿಮೀಟರ್ ಹಿಡಿದಾಗ ಸ್ವಿಚ್ ಒತ್ತಿದ ಪ್ರತಿಸಲವೂ ಬೀಪ್ ಸದ್ದು ಬಂತು, ಅಂದರೆ ಒಳಗಿನ ಸಂಪರ್ಕ ಸರಿಯಾಗಿತ್ತು. ಆದರೆ ನೀರು ಬರುವ ದಾರಿಯನ್ನು ಮುಚ್ಚದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿರಲಿಲ್ಲ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟು ಸರಿಯಾಗಿ ಸ್ವಿಚ್ಚಿನ ಮೇಲೆಯೇ ಸೋರುತ್ತಿತ್ತು. ಅದನ್ನು ಬದಲಾಯಿಸಿದ ಮೇಲೆಯೇ ಪ್ಯಾನೆಲ್ ಮತ್ತೆ ಕೂರಿಸಿದೆ.