ಹ್ಯಾರಿ ಪಾಟರ್ ಸರಣಿ: ನಾಲ್ವರು ನಿರ್ದೇಶಕರನ್ನು ನಾಲ್ಕು ತರಗತಿಗಳಲ್ಲಿ ಗುರುತಿಸುವುದು ಹೇಗೆ

ಎಂಟೂ ಸಿನಿಮಾ ಕೂಡಿಸಿದರೆ 1,179 ನಿಮಿಷ, ಅಂದರೆ ಇಪ್ಪತ್ತು ಗಂಟೆಗೆ ಸ್ವಲ್ಪ ಕಮ್ಮಿ. ದಸರಾ ರಜೆ ಬಂತೆಂದರೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಇದನ್ನು ಒಂದೇ ಪಟ್ಟಿಗೆ ನೋಡಿ ಮುಗಿಸುವ ಹುರುಪು ಬರುತ್ತದೆ. ಹಾಗೆ ನೋಡಿದರೆ ಕತೆ ಕಾಣುತ್ತದೆ, ನಿರ್ದೇಶಕ ಕಾಣುವುದಿಲ್ಲ. ನಿರ್ದೇಶಕನ ಕೈ ಕಾಣಬೇಕೆಂದರೆ ಒಂದೇ ಬಗೆಯ ದೃಶ್ಯವನ್ನು ನಾಲ್ವರೂ ಹೇಗೆ ತೆಗೆದಿದ್ದಾರೆ ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ಈ ಸರಣಿಯಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥದ್ದು ತರಗತಿಯ ದೃಶ್ಯ. ಬೆಂಚು, ಮೇಷ್ಟ್ರು, ಹೆದರಿ ಕೂತ ಮಕ್ಕಳು, ಎಲ್ಲದರಲ್ಲೂ ಇದ್ದೇ ಇವೆ.

ಯಾರು ಯಾವುದನ್ನು ಮಾಡಿದರೆಂಬ ಲೆಕ್ಕ ಮೊದಲು. 2001 ಮತ್ತು 2002ರವು ಕ್ರಿಸ್ ಕೊಲಂಬಸ್ ಅವರವು. 2004ರ ಮೂರನೆಯದು ಅಲ್ಫಾನ್ಸೊ ಕ್ವಾರೋನ್, 2005ರ ನಾಲ್ಕನೆಯದು ಮೈಕ್ ನ್ಯೂವೆಲ್. 2007ರಿಂದ 2011ರವರೆಗಿನ ಕೊನೆಯ ನಾಲ್ಕೂ ಡೇವಿಡ್ ಯೇಟ್ಸ್. ಹೋಲಿಕೆಗೆ ಒಂದು, ಮೂರು, ನಾಲ್ಕು, ಐದನೆಯ ಸಿನಿಮಾ ಸಾಕು: ಕ್ರಮವಾಗಿ 152, 142, 157, 138 ನಿಮಿಷ. ದಿನಕ್ಕೊಂದರಂತೆ ನಾಲ್ಕು ದಿನ ಇಟ್ಟುಕೊಳ್ಳಿ. ದಸರಾ ಸಮಯವಾದರೆ ಬೆಳಿಗ್ಗೆ ಹತ್ತಕ್ಕೇ ಶುರು ಮಾಡಿ, ಸಂಜೆಯಾದರೆ ಎಲ್ಲರೂ ದೀಪಾಲಂಕಾರ ನೋಡಲು ಹೊರಟುಬಿಡುತ್ತಾರೆ. ಒಟಿಟಿ ಖಾತೆ ಮನೆಯ ಬಳಕೆಗೆ ಮಾತ್ರ. ಹಾಲ್ ಹಿಡಿದು ಸಾರ್ವಜನಿಕರಿಗೆ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು.

ಟಿವಿಯನ್ನು ಸರಿ ಮಾಡಿಕೊಳ್ಳದೆ ಕೂತರೆ ಅರ್ಧ ಕೆಲಸ ಹಾಳು. ಪಿಕ್ಚರ್ ಮೋಡ್ 'ವಿವಿಡ್'ನಲ್ಲಿದ್ದರೆ 'ಸಿನಿಮಾ'ಕ್ಕೆ ಬದಲಿಸಿ, ಇಲ್ಲವಾದರೆ ಕ್ವಾರೋನ್ ಸಿನಿಮಾದ ಬೂದು ಬಣ್ಣವೂ ಕೊಲಂಬಸ್ ಸಿನಿಮಾದ ಹೊನ್ನಿನ ಬೆಳಕೂ ಒಂದೇ ಥರ ಹೊಳೆಯುತ್ತವೆ. ಚಲನೆಯನ್ನು ನಯವಾಗಿಸುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಹಗಲಲ್ಲಿ ನೋಡುವವರು ಕಿಟಕಿಗೆ ದಪ್ಪ ಜಮಖಾನ ಇಳಿಬಿಡಲಿ. ಮೊದಲೆರಡು ಸಿನಿಮಾಗಳಿಗೆ ಉದ್ದನೆಯ ಆವೃತ್ತಿಯೂ ಇದೆ. ನಿಮ್ಮದು 152 ನಿಮಿಷದ್ದೇ ಹೌದೋ ಎಂದು ನೋಡಿಕೊಳ್ಳಿ, ಒಬ್ಬೊಬ್ಬರು ಒಂದೊಂದು ಆವೃತ್ತಿ ನೋಡಿದರೆ ಬರೆದುಕೊಂಡ ಸಮಯ ತಾಳೆಯಾಗುವುದಿಲ್ಲ.

ಇನ್ನು ಒಂದು ಹಾಳೆಯಲ್ಲಿ ಬದಲಾಗದವರ ಹೆಸರು ಬರೆದಿಟ್ಟುಕೊಳ್ಳಿ. ಎಂಟೂ ಸಿನಿಮಾಗಳ ಸೆಟ್ ಮತ್ತು ಒಟ್ಟು ವಿನ್ಯಾಸ ಸ್ಟುವರ್ಟ್ ಕ್ರೇಗ್ ಅವರದು, ಎಂಟಕ್ಕೂ ನಿರ್ಮಾಪಕ ಡೇವಿಡ್ ಹೇಮನ್. ಐದನೆಯದನ್ನು ಬಿಟ್ಟು ಉಳಿದ ಏಳಕ್ಕೂ ಚಿತ್ರಕತೆ ಸ್ಟೀವ್ ಕ್ಲೋವ್ಸ್, ಐದನೆಯದಕ್ಕೆ ಮಾತ್ರ ಮೈಕೆಲ್ ಗೋಲ್ಡನ್‌ಬರ್ಗ್. ಈ ಹಾಳೆ ಕಣ್ಣೆದುರು ಇಲ್ಲದಿದ್ದರೆ ಚೆಂದದ ಸೆಟ್‌ನ ಶ್ರೇಯಸ್ಸೆಲ್ಲ ನಿರ್ದೇಶಕನ ತಲೆಗೆ ಕಟ್ಟುತ್ತೀರಿ. ಮೂರನೆಯ ಸಿನಿಮಾದಿಂದ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಬೇರೆಯಾಗಿ ಕಾಣುವುದೂ ಕ್ವಾರೋನ್ ಆಯ್ಕೆಯೆಂದು ಹಲವರು ತಿಳಿದಿದ್ದಾರೆ. ಆ ಪಾತ್ರ ಮಾಡುತ್ತಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡದ್ದರಿಂದ ಮೈಕೆಲ್ ಗ್ಯಾಂಬನ್ ಬಂದರು, ಅಷ್ಟೆ. ಕತೆ ಕಪ್ಪಾಗುತ್ತಾ ಹೋಗುವುದಕ್ಕೂ ನಿರ್ದೇಶಕನೊಬ್ಬನೇ ಕಾರಣನಲ್ಲ, ಪುಸ್ತಕವೇ ಹಾಗೆ ಬೆಳೆಯುತ್ತದೆ.

ಪ್ರತಿ ಸಿನಿಮಾಕ್ಕೂ ಮುಂಚೆ ಒಂದೊಂದು ಅಧ್ಯಾಯ ಓದಿರಬೇಕು. ಮೊದಲ ಪುಸ್ತಕದ 8ನೆಯದು (ಮಾಯಾ ಮದ್ದು ಕಲಿಸುವ ಮೇಷ್ಟ್ರು ಸ್ನೇಪ್‌ನ ಮೊದಲ ಪಾಠ), ಮೂರನೆಯದರ 7 (ನೋಡುವವರ ಭಯದ ರೂಪ ತಾಳುವ ಬೋಗಾರ್ಟ್), ನಾಲ್ಕನೆಯದರ 14 (ಮೇಷ್ಟ್ರು ಮೂಡಿಯ ಕ್ಷಮೆಯಿಲ್ಲದ ಶಾಪಗಳು), ಐದನೆಯದರ 12 (ಹೊಸ ಅಧ್ಯಾಪಕಿ ಅಂಬ್ರಿಜ್). ಆಮೇಲೆ ಆ ದೃಶ್ಯವನ್ನು ಎರಡು ಸಲ ನೋಡಿ. ಒಮ್ಮೆ ಮಾಮೂಲಾಗಿ, ಇನ್ನೊಮ್ಮೆ ಸದ್ದು ಬಂದ್ ಮಾಡಿ. ಸದ್ದಿಲ್ಲದಾಗ ಮೊದಲ ಎರಡು ನಿಮಿಷದಲ್ಲಿ ಶಾಟ್ (ಕ್ಯಾಮೆರಾ ಒಂದೇ ಸಮನೆ ತೋರಿಸುವ ತುಣುಕು) ಬದಲಾದಾಗಲೆಲ್ಲ ಪೆನ್ಸಿಲ್‌ನಿಂದ ಒಂದು ಗೀಟು ಹಾಕಿ. ಗೀಟುಗಳಿಗೆ ಒಂದು ಕೂಡಿಸಿ, 120ನ್ನು ಅದರಿಂದ ಭಾಗಿಸಿದರೆ ಒಂದು ಶಾಟ್ ಸರಾಸರಿ ಎಷ್ಟು ಸೆಕೆಂಡ್ ಎಂಬುದು ಬರುತ್ತದೆ. 29 ಗೀಟು ಬಿದ್ದರೆ ನಾಲ್ಕು ಸೆಕೆಂಡ್. ಇಬ್ಬರು ಬೇರೆಬೇರೆಯಾಗಿ ಎಣಿಸಲಿ. ಕ್ಯಾಮೆರಾ ಸರ್ರನೆ ತಿರುಗಿದ್ದನ್ನೂ ಕಟ್ ಎಂದು ಎಣಿಸುವುದು ಸಾಮಾನ್ಯ ತಪ್ಪು.

ಕೊಲಂಬಸ್ ದೃಶ್ಯದಲ್ಲಿ ಸ್ನೇಪ್ ಬಾಗಿಲು ತಳ್ಳಿಕೊಂಡು ನುಗ್ಗುತ್ತಾನೆ. ಅಲ್ಲಿಂದ ಪ್ರಶ್ನೆಗೊಂದು ಮುಖ, ಉತ್ತರಕ್ಕೊಂದು ಮುಖ, ನಡುವೆ ಕೈಯೆತ್ತಿದ ಹ್ಯಾರಿಯ ಗೆಳತಿ ಹರ್ಮಯನಿ. ಇದನ್ನು ಸಪ್ಪೆ ಎಂದು ತಳ್ಳಿಹಾಕುವವರು ಒಂದನ್ನು ಮರೆಯುತ್ತಾರೆ: ಆ ಮಕ್ಕಳಿಗೆ ಕ್ಯಾಮೆರಾ ಹೊಸದು, ದಿನಕ್ಕೆ ಇಂತಿಷ್ಟೇ ಹೊತ್ತು ಕೆಲಸ ಎಂಬ ನಿಯಮ ಬೇರೆ. ಉದ್ದನೆಯ ಟೇಕ್ ಅವರಿಂದ ನಿಭಾಯಿಸಲಾಗದಿದ್ದಾಗ ತುಂಡು ತುಂಡಾಗಿ ತೆಗೆದು ಜೋಡಿಸುವುದೇ ಜಾಣತನ. ಪುಸ್ತಕವನ್ನು ಹೆಚ್ಚು ಕಡಿಮೆ ಸಾಲು ಹಿಡಿದು ಅನುಸರಿಸಿದ್ದೂ ಇವರೇ. ಮುಂದಿನ ಮೂವರು ಆಚೀಚೆ ಹೋಗಲು ಬೇಕಾದ ನೆಲಗಟ್ಟು ಹಾಕಿಕೊಟ್ಟವರು.

ಮೂರನೆಯದರ ಮುಂದೆ ಹೆಚ್ಚು ಹೊತ್ತು ಕೂರಬೇಕು. ಪುಸ್ತಕದಲ್ಲಿ ಬೋಗಾರ್ಟ್ ಇರುವುದು ಅಧ್ಯಾಪಕರ ಕೊಠಡಿಯ ಬೀರುವಿನಲ್ಲಿ. ಕ್ವಾರೋನ್ ಅದನ್ನು ತರಗತಿಗೆ ತಂದು, ಬೀರುವಿಗೆ ಕನ್ನಡಿ ಕೂರಿಸಿ, ಕ್ಯಾಮೆರಾವನ್ನು ಆ ಕನ್ನಡಿಯೊಳಗೇ ನುಗ್ಗಿಸುತ್ತಾರೆ. ಮೇಷ್ಟ್ರು ಲೂಪಿನ್ ಗ್ರಾಮಫೋನ್ ಹಾಕುತ್ತಾನೆ, ಭಯದ ಪಾಠ ಜಾಜ್ ಸಂಗೀತದ ಆಟವಾಗುತ್ತದೆ, ಹ್ಯಾರಿಯ ಸರದಿ ಬಂದ ಕೂಡಲೇ ಆಟ ನಿಲ್ಲುತ್ತದೆ. ಅಗಲ ಲೆನ್ಸ್ ಆದ್ದರಿಂದ ಮುಂದಿನ ಮುಖದ ಜೊತೆ ಹಿಂದಿನ ಹುಡುಗರೂ ಕಾಣುತ್ತಾರೆ, ಅವರೂ ಏನೋ ಮಾಡುತ್ತಿರುತ್ತಾರೆ. ಅವರ ಟೈ, ಅಂಗಿ ಗಮನಿಸಿ. ಒಬ್ಬೊಬ್ಬರದು ಒಂದೊಂದು ರೀತಿ, ನಮ್ಮ ಪಿಯು ಹುಡುಗರು ಯೂನಿಫಾರ್ಮ್ ಹಾಕಿದ ಹಾಗೆ. ಚಿತ್ರೀಕರಣಕ್ಕೆ ಮುಂಚೆ ಮೂವರು ಮುಖ್ಯ ನಟರಿಗೂ ತಮ್ಮ ಪಾತ್ರದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು. ಎಮ್ಮಾ ವಾಟ್ಸನ್ ಪುಟಗಟ್ಟಲೆ ಬರೆದರು, ಡೇನಿಯಲ್ ರ‍್ಯಾಡ್‌ಕ್ಲಿಫ್ ಒಂದು ಪುಟ, ರೂಪರ್ಟ್ ಗ್ರಿಂಟ್ ಬರೆಯಲೇ ಇಲ್ಲ. ಮೂವರೂ ಪಾತ್ರಕ್ಕೆ ತಕ್ಕಂತೆಯೇ ನಡೆದುಕೊಂಡರು ಅನ್ನಿ. ಶಾಲೆಯ ಕಾಡು ಕಾಯುವ ಹ್ಯಾಗ್ರಿಡ್‌ನ ಗುಡಿಸಲು ಇಳಿಜಾರಿಗೆ ಹೋದದ್ದು, ಮರದ ಸೇತುವೆಯೂ ದೊಡ್ಡ ಲೋಲಕದ ಗಡಿಯಾರ ಗೋಪುರವೂ ಬಂದದ್ದು ಇದೇ ಸಿನಿಮಾದಲ್ಲಿ. ಕಾಲವನ್ನು ಹಿಂದೆ ತಿರುಗಿಸುವ ಕತೆಗೆ ಆ ಲೋಲಕ ಸುಮ್ಮನೆ ಬಂದದ್ದಲ್ಲ.

ಇಲ್ಲಿ ಕೆಡುವುದು ಒಂದೇ ಕಡೆ, ಆದರೆ ಜೋರಾಗಿಯೇ ಕೆಡುತ್ತದೆ. ಶಾಲೆಯಲ್ಲಿ ಯಾರು ಎಲ್ಲಿದ್ದಾರೆಂದು ತೋರಿಸುವ ಮಾರಾಡರ್ಸ್ ನಕ್ಷೆ ಮಾಡಿದವರು ಹ್ಯಾರಿಯ ಅಪ್ಪ ಮತ್ತು ಅವನ ಗೆಳೆಯರು ಎಂಬುದನ್ನು ಸಿನಿಮಾ ಬಿಡಿಸಿ ಹೇಳುವುದೇ ಇಲ್ಲ. ಪುಸ್ತಕ ಓದದವರಿಗೆ ಹ್ಯಾರಿಯ ಪೆಟ್ರೋನಸ್ (ರಕ್ಷಣೆಗೆ ಮಂತ್ರದಿಂದ ಬರುವ ಬೆಳಕಿನ ಪ್ರಾಣಿ) ಜಿಂಕೆಯೇ ಯಾಕಾಯಿತು ಎಂಬುದೂ ಅರ್ಧಂಬರ್ಧ. ಗುಂಪಿನಲ್ಲಿ ಓದದವರೊಬ್ಬರು ಇರಲೇಬೇಕು ಅನ್ನುವುದು ಇದಕ್ಕೇ. ಅವರಿಗೆ ಅರ್ಥವಾಗದ ಜಾಗಗಳನ್ನು ಬರೆಸಿಕೊಳ್ಳಿ, ಕತ್ತರಿ ತಪ್ಪು ಬಿದ್ದ ಜಾಗ ಅವೇ.

ನ್ಯೂವೆಲ್ ಅವರದು ಬೇರೆ ಲೆಕ್ಕ. ಬ್ರಿಟಿಷ್ ಆವೃತ್ತಿಯಲ್ಲಿ 636 ಪುಟದ ಪುಸ್ತಕ, ಎರಡು ಭಾಗ ಮಾಡೋಣ ಎಂಬ ಮಾತಿತ್ತು. ಇದನ್ನು ಥ್ರಿಲ್ಲರ್ ಆಗಿ ಹಿಡಿದರೆ ಒಂದೇ ಸಿನಿಮಾ ಸಾಕೆಂದು ಅವರು ಪಟ್ಟು ಹಿಡಿದರು. ಥ್ರಿಲ್ಲರ್‌ಗೆ ಬೇಡವಾದದ್ದೆಲ್ಲ ಹೋಯಿತು: ಹ್ಯಾರಿಯ ಬಂಧುಗಳಾದ ಡರ್ಸ್ಲಿಗಳ ಮನೆ, ಮನೆಗೆಲಸದ ಎಲ್ಫ್‌ಗಳಾದ ವಿಂಕಿ, ಡಾಬಿ, ಪೊರಕೆಯ ಮೇಲೆ ಹಾರುತ್ತಾ ಆಡುವ ಕ್ವಿಡಿಚ್ ವಿಶ್ವಕಪ್‌ನ ಆಟವೇ. ಮೂಡಿಯ ತರಗತಿಯಲ್ಲಿ ಜೇಡವನ್ನು ಮಕ್ಕಳ ಮೇಲೆ ಹಾರಿಸಿ ನಗಿಸುತ್ತಾ ನಗಿಸುತ್ತಾ ಉಸಿರು ಕಟ್ಟಿಸುವುದನ್ನು ನೋಡಿ, ಅದು ಅವರ ಬಲ. ದೌರ್ಬಲ್ಯ ಬೇಕಾದರೆ ಹ್ಯಾರಿಯ ಹೆಸರು ಸ್ಪರ್ಧಿಗಳನ್ನು ಆರಿಸುವ ಬಟ್ಟಲಿನಿಂದ ಬಂದ ಮೇಲಿನ ದೃಶ್ಯ. ಪುಸ್ತಕದಲ್ಲಿ ಡಂಬಲ್‌ಡೋರ್ ಶಾಂತವಾಗಿ ಕೇಳುವ ಪ್ರಶ್ನೆಯನ್ನು ಇಲ್ಲಿ ಹುಡುಗನನ್ನು ಹಿಡಿದು ಅಲುಗಾಡಿಸಿ ಕೇಳುತ್ತಾನೆ. ವೇಗಕ್ಕಾಗಿ ಪಾತ್ರವನ್ನೇ ಬಲಿಕೊಟ್ಟಂತಾಯಿತು.

ಐದನೆಯ ಪುಸ್ತಕ ಸರಣಿಯಲ್ಲೇ ದೊಡ್ಡದು, 766 ಪುಟ. ಸಿನಿಮಾ 138 ನಿಮಿಷ. 2010ರಲ್ಲಿ ರಂಗಾಯಣ 'ಮಲೆಗಳಲ್ಲಿ ಮದುಮಗಳು' ಆಡಿದಾಗ ರಾತ್ರಿಯಿಡೀ ಕೂರಲು ಮೈಸೂರಿನ ಜನ ತಯಾರಿದ್ದರು, ಆ ಸೌಲಭ್ಯ ಯೇಟ್ಸ್‌ಗಿರಲಿಲ್ಲ. ಅವರ ಉಪಾಯ ಒಂದು ಗೋಡೆ. ಅಂಬ್ರಿಜ್ ಆಜ್ಞೆ ಹೊರಡಿಸಿದಾಗಲೆಲ್ಲ ಶಾಲೆಯ ಮೇಲ್ವಿಚಾರಕ ಫಿಲ್ಚ್ ಏಣಿ ಹತ್ತಿ ಒಂದು ಚೌಕಟ್ಟು ಹೊಡೆಯುತ್ತಾನೆ. ಅಧ್ಯಾಯಗಟ್ಟಲೆ ದಬ್ಬಾಳಿಕೆ ಆ ಚೌಕಟ್ಟುಗಳ ಸಂಖ್ಯೆಯಲ್ಲೇ ತಿಳಿಯುತ್ತದೆ, ತುಂಟ ವಿದ್ಯಾರ್ಥಿಗಳಾದ ವೀಸ್ಲಿ ಅವಳಿಗಳ ಪಟಾಕಿಗೆ ಅವೆಲ್ಲ ಉದುರಿದಾಗ ಇನ್ನೊಂದು ಮಾತು ಬೇಕಾಗುವುದಿಲ್ಲ. ಅಂಬ್ರಿಜ್‌ಳ ಮೊದಲ ತರಗತಿ ಶುರುವಾಗುವುದು ಮಕ್ಕಳು ಹಾರಿಸಿದ ಕಾಗದದ ಹಕ್ಕಿಯಿಂದ, ಅವಳು ಬಾಗಿಲಲ್ಲೇ ಅದನ್ನು ಸುಡುತ್ತಾಳೆ. ಪುಸ್ತಕದಲ್ಲಿ ಆ ಹಕ್ಕಿ ಇಲ್ಲ. ಕಳೆದದ್ದೇನು ಎಂಬ ಪಟ್ಟಿಯ ಪಕ್ಕದಲ್ಲೇ ಹೀಗೆ ಸೇರಿಸಿದ್ದೇನು ಎಂಬ ಪಟ್ಟಿಯನ್ನೂ ಬೆಳೆಸಿ. ನಿರ್ದೇಶಕನ ಮನಸ್ಸು ತಿಳಿಯುವುದು ಹೆಚ್ಚಾಗಿ ಎರಡನೆಯದರಲ್ಲಿ.

ಸಮಯವಿದ್ದವರು ಯೇಟ್ಸ್‌ರ ಉಳಿದ ಮೂರನ್ನೂ ನೋಡಲಿ, ಆದರೆ ಬೇರೆ ಪ್ರಶ್ನೆ ಇಟ್ಟುಕೊಂಡು. ನಿರ್ದೇಶಕ ಅವರೇ, ಛಾಯಾಗ್ರಾಹಕರು ಬೇರೆಯವರು: ಐದಕ್ಕೆ ಸ್ಲಾವೊಮಿರ್ ಇಡ್ಜಿಯಾಕ್, ಆರಕ್ಕೆ ಬ್ರೂನೊ ಡೆಲ್ಬೊನೆಲ್, ಕೊನೆಯ ಎರಡಕ್ಕೆ ಎಡ್ವರ್ಡೊ ಸೆರ‍್ರಾ. ಆರನೆಯದರ ಹಸಿರು ಮಿಶ್ರಿತ ಮಬ್ಬು ಐದರಲ್ಲಿ ಇಲ್ಲದಿದ್ದರೆ ಅದನ್ನು ಮೊದಲು ಡೆಲ್ಬೊನೆಲ್ ಖಾತೆಗೆ ಬರೆಯಿರಿ. ಆ ಕೆಲಸಕ್ಕೆ ಅವರಿಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಏಳನೆಯದರಲ್ಲಿ ಬರುವ ಮೂವರು ಸೋದರರ ನೆರಳು ಬೊಂಬೆಯಂಥ ಕತೆಯನ್ನಂತೂ ಎಣಿಕೆಯಿಂದಲೇ ಹೊರಗಿಡಿ. ಆ ಅನಿಮೇಷನ್ ತುಣುಕಿನ ನಿರ್ದೇಶಕ ಬೆನ್ ಹಿಬನ್.